ಹೆಸರು ಹೇಳುವವಳು

ಜೂನ್ 3, ಸೋಮವಾರ

ಅರವತ್ತೆರಡು ಪುಟ ಮುಗಿಯಿತು. ಈ ಮನುಷ್ಯ ಇನ್ನೂ ಏನೂ ಮಾಡಿಲ್ಲ.

ಹುಟ್ಟಿದ್ದು ನೂರಿಪ್ಪತ್ತು ಕೋಣೆಗಳ ಮನೆಯಲ್ಲಿ. ಅಣ್ಣ ಕುದುರೆಯಿಂದ ಬಿದ್ದು ಸತ್ತದ್ದರಿಂದ ಈತ ಆಲ್ಡರ್‌ಕೋಟ್ ಎಂಬ ಸೀಮೆಯ ಆರನೆಯ ಅರ್ಲ್, ಅಂದರೆ ಅಲ್ಲಿನ ಲಾರ್ಡ್, ಆದ. ಸೈನ್ಯ ಸೇರಿದ, ಯುದ್ಧಕ್ಕೆ ಹೋಗಲಿಲ್ಲ. ಪಾರ್ಲಿಮೆಂಟಿನಲ್ಲಿ ಕುಳಿತ, ಬಾಯಿ ತೆರೆಯಲಿಲ್ಲ. ನಲವತ್ತಮೂರನೆಯ ವಯಸ್ಸಿಗೆ ಲಂಡನ್ನಿನ ಅರಮನೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಕೈಯಲ್ಲೊಂದು ಬಿಳಿಯ ಕೋಲು ಹಿಡಿದು, ರಾಜನಿಗೆ ಬೆನ್ನು ತೋರಿಸದೆ, ಅವನ ಮುಂದೆ ಹಿಂದುಹಿಂದಕ್ಕೆ ನಡೆಯುವುದು. ಇದಕ್ಕೆ ನಾನೂರು ಪುಟಗಳ ಜೀವನಚರಿತ್ರೆ, ಮೇಲೆ ಚಿನ್ನದ ಅಕ್ಷರ.

ಕೊಟ್ರಪ್ಪನವರಿಗೆ ಮಾತ್ರ ಈ ಪುಸ್ತಕವೆಂದರೆ ಪ್ರಾಣ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿದ್ದಾಗ ಅವರನ್ನು ಒಂದು ವರ್ಷ ಇಂಗ್ಲೆಂಡಿಗೆ ತರಬೇತಿಗೆ ಕಳಿಸಿದ್ದರಂತೆ. ಅಲ್ಲಿ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಆಮೇಲೆ ಕೆಲಸ ಬಿಟ್ಟು ಪೀಣ್ಯದಲ್ಲಿ ಗೇರ್ ಕಾರ್ಖಾನೆ ಹಾಕಿದರು, ಎಂಬತ್ತಾರು ಜನಕ್ಕೆ ಅನ್ನ ಕೊಟ್ಟರು, ಎಂಬತ್ತಮೂರು ವರ್ಷ ವಯಸ್ಸಾಯಿತು. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಲಾರ್ಡ್ ಸಾಹೇಬನ ಕಥೆ ಕೇಳಬೇಕು. ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ.

"ಹಿಂದಕ್ಕ ನಡೆಯೋದು ಸಣ್ಣ ಕೆಲಸ ಅಂತ ತಿಳ್ಕೋಬ್ಯಾಡವ್ವ," ಎಂದರು ಇವತ್ತು. "ಮೆಟ್ಟಿಲ ಮ್ಯಾಲೆ, ನೋಡದಂಗ. ನಮ್ಮ ಲೇತ್ ಮ್ಯಾಲಿನ ಹುಡುಗ್ರಿಗೂ ಅಂಥಾ ಅಂದಾಜು ಇರಂಗಿಲ್ಲ."

ನಾನು ಕನ್ನಡ ಎಂ.ಎ. ಮಾಡಿ, ನಾಲ್ಕು ಒಳ್ಳೆಯ ಕವಿತೆಗಳ ರುಚಿ ಹತ್ತಿಸಿಕೊಂಡು, ಕೊನೆಗೆ ಇವರ ಕಾರ್ಖಾನೆಯ ಆಫೀಸಿನಲ್ಲಿ ಕುಳಿತು ಬಿಳಿಯ ಕೋಲಿನವನ ಭಜನೆ ಮಾಡುವಂತಾಯಿತು.

ಜೂನ್ 7, ಶುಕ್ರವಾರ

ಲಾರ್ಡನ ಇನ್ನೊಂದು ಕೆಲಸ ಗೊತ್ತಾಯಿತು. ಅರಮನೆಗೆ ಬರುವವರು ಬಾಗಿಲಲ್ಲಿ ತಮ್ಮ ಹೆಸರಿನ ಚೀಟಿ ಕೊಡಬೇಕು. ಈತ ಅದನ್ನು ನೋಡಿ ಗಟ್ಟಿಯಾಗಿ ಓದಬೇಕು. ಆಗ ರಾಜ ತಲೆಯಾಡಿಸುತ್ತಾನೆ. ಚೀಟಿ ನೋಡಿ ಓದುವುದಕ್ಕೆ ಒಬ್ಬ ಅರ್ಲ್ ಬೇಕೆ? ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವರು ಚೀಟಿಯನ್ನೂ ನೋಡುವುದಿಲ್ಲ.

ನಾನೂ ನೋಡುವುದಿಲ್ಲ. ಕೊಟ್ರಪ್ಪನವರ ಕೋಣೆಗೆ ಯಾರೇ ಬರಲಿ, ಅವರ ಕುರ್ಚಿಯ ಎಡಗಡೆ ನಿಂತು ಹೆಸರನ್ನೂ ಒಂದೇ ಒಂದು ವಿವರವನ್ನೂ ಹೇಳುತ್ತೇನೆ. ಇವತ್ತು ಹಳೆಯ ಕಬ್ಬಿಣದ ವ್ಯಾಪಾರಿ ಅಮರೇಶ್ ಬಂದಿದ್ದರು. "ಸಾರ್, ದಾವಣಗೆರೆ ಅಮರೇಶ್ ಅವರು, ಹೋದ ತಿಂಗಳು ಮೊಮ್ಮಗ ಹುಟ್ಟಿದ," ಎಂದೆ. "ಏನಪಾ ಅಮರೇಶ, ಮೊಮ್ಮಗ ಯಾರ ಹಾಂಗ ಅದಾನ?" ಎಂದು ಇವರು ಕೇಳಿದರು. ಅಮರೇಶ್ ಕರಗಿಹೋದರು. ಹೊರಗೆ ಬಂದು, "ಈ ವಯಸ್ಸಲ್ಲೂ ಎಷ್ಟು ಜ್ಞಾಪಕ ನೋಡಿ ಮೇಡಂ," ಎಂದರು.

ಕಣ್ಣು ಮಂಜಾಗಿದೆ, ಮುಖ ಗೊತ್ತಾಗುವುದಿಲ್ಲ, ಅದಕ್ಕೇ ಹೆಸರು ಹೇಳುತ್ತೇನೆ ಎಂದು ಎಲ್ಲರೂ ನಂಬಿದ್ದಾರೆ. ಕಣ್ಣು ಚೆನ್ನಾಗಿಯೇ ಇದೆ. ಹೋದದ್ದು ಬೇರೆ. ಅದು ನನಗೊಬ್ಬಳಿಗೆ ಗೊತ್ತು. ಒಬ್ಬ ದೊಡ್ಡ ಮನುಷ್ಯನ ಮರ್ಯಾದೆ ಉಳಿಸುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ, ಗಮನ ಒಂದಿದ್ದರೆ ಸಾಕು.

ಜೂನ್ 18, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಕೊಟ್ರಪ್ಪನವರ ಮಗ ವಿಶ್ವನಾಥ್ ಸರ್ಜಾಪುರದ ಕಡೆ ಮನೆ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಪೀಣ್ಯಕ್ಕೆ ಬಂದು ಲೆಕ್ಕ ನೋಡಿ ಹೋಗುತ್ತಾರೆ. ಇವತ್ತು ನನ್ನ ಮೇಜಿನ ಮುಂದೆ ನಿಂತು, ಕಾಫಿ ಹೇಳುವಷ್ಟೇ ಹಗುರವಾಗಿ, "ಮೇಡಂ, ಜಾಗ ಕೊಡ್ತಾ ಇದೀವಿ. ಗೋದಾಮು ಕಟ್ಟೋರಿಗೆ. ಅಗ್ರಿಮೆಂಟು ಜುಲೈ ಕೊನೆಗೆ," ಎಂದರು.

"ಯಂತ್ರಗಳು?"

"ಸ್ಕ್ರ್ಯಾಪು."

"ಜನ?"

"ಕೊಡೋದು ಕೊಟ್ಟು ಕಳಿಸೋದು. ಇನ್ನೇನು ಮಾಡಕ್ಕಾಗುತ್ತೆ ಮೇಡಂ, ನಮ್ ಗೇರು ಈಗ ಯಾರು ತಗೋತಾರೆ?"

"ಯಜಮಾನರು?"

"ಒಪ್ಪಿದಾರೆ. ಹೋದ ವಾರವೇ ಹೇಳ್ದೆ. ತಲೆ ಆಡ್ಸಿದ್ರು. 'ನಿಂಗ ತಿಳಿದಂಗ ಮಾಡು' ಅಂದ್ರು."

ಜಾಗ ಕೊಟ್ರಪ್ಪನವರ ಹೆಸರಿನಲ್ಲಿದೆ. ಅವರ ಸಹಿ ಇಲ್ಲದೆ ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ಐದು ವರ್ಷದ ಹಿಂದೆ, ತಲೆ ಪೂರ್ತಿ ಸರಿಯಿದ್ದಾಗ, ಆಯುಧಪೂಜೆಯ ದಿನ ಎಲ್ಲರೆದುರು ಅವರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ನಾ ಇರೋ ತನಕ ಈ ಶೆಡ್ಡು ಮಾರಂಗಿಲ್ಲ. ನಿಮ್ಮಾಗ ಕಟ್ಟಕಡೀ ಮನುಷ್ಯ ರಿಟೈರ್ ಆಗಲಿ, ಆಮ್ಯಾಲೆ ನೋಡೂಣು." ಆ ಮಾತು ಈಗ ಅವರಿಗೇ ನೆನಪಿಲ್ಲ. ನೆನಪಿಲ್ಲದವರಿಂದ ಸಹಿ ಹಾಕಿಸಿಕೊಳ್ಳುವುದಕ್ಕೆ ಏನೆನ್ನಬೇಕು?

ಹೋಗುವಾಗ ತಿರುಗಿ, "ಸಾಕ್ಷಿ ಸಹಿ ನಿಮ್ದೇ ಇರ್ಲಿ ಮೇಡಂ. ಅಪ್ಪಾಜಿಗೆ ನೀವಿದ್ರೆ ಧೈರ್ಯ," ಎಂದರು.

ಜೂನ್ 24, ಸೋಮವಾರ

ರಾಜ ಆಲ್ಡರ್‌ಕೋಟ್‌ಗೆ ಬೇಟೆಗೆ ಬರುತ್ತಾನೆ. ರಾಜನಿಗೆ ಕೊಡುವ ಕೋಣೆಯ ಕಿಟಕಿಯಿಂದ ಒಕ್ಕಲು ಜನರ ಗುಡಿಸಲುಗಳು ಕಾಣುತ್ತವೆ. ಲಾರ್ಡ್ ನಲವತ್ತು ಗುಡಿಸಲು ಕೀಳಿಸಿ ಹುಲ್ಲು ಹಾಕಿಸುತ್ತಾನೆ. ಜೀವನಚರಿತ್ರೆಕಾರ ಬರೆಯುತ್ತಾನೆ: "ಇದರಿಂದ ನೋಟ ಬಹಳ ಸುಧಾರಿಸಿತು."

ಆ ನಲವತ್ತು ಮನೆಯವರು ಎಲ್ಲಿ ಹೋದರು? ಆ ಪುಟದಲ್ಲಿ ಇಲ್ಲ, ಮುಂದಿನ ಪುಟದಲ್ಲಿ ಇಲ್ಲ. ಪುಸ್ತಕದ ಕೊನೆಯ ಹೆಸರುಗಳ ಸೂಚಿಯಲ್ಲಿ ಹುಡುಕಿದೆ. ಲಾರ್ಡನ ನಾಯಿಗಳಿಗೆ ಹದಿನಾಲ್ಕು ಪುಟ ಸಂಖ್ಯೆ ಇದೆ, ಹೆಂಡತಿಗೆ ಆರು. ಅವರಿಗೆ ಒಂದೂ ಇಲ್ಲ.

ಕೊಟ್ರಪ್ಪನವರು ಕೇಳಿಸಿಕೊಂಡು, "ಆ ಮಂದಿ ಎಲ್ಲಿ ಹೋದ್ರು?" ಎಂದರು. ಇವರೊಳಗೆ ಇನ್ನೂ ಆ ಮನುಷ್ಯ ಇದ್ದಾರೆ. ಅದೇ ಉಸಿರಿನಲ್ಲಿ ಕಾರ್ಖಾನೆಯ ಮಾತು ತೆಗೆಯಬೇಕಿತ್ತು. ತೆಗೆಯುವಷ್ಟರಲ್ಲಿ, "ಊಟ ಆಯ್ತೇನವ್ವ?" ಎಂದರು. ಊಟ ಒಟ್ಟಿಗೇ ಮಾಡಿದ್ದೆವು.

ಜುಲೈ 1, ಸೋಮವಾರ

ವೆಂಕಟಪ್ಪ ನನ್ನನ್ನು ಅವಮಾನಿಸಿದ. ಬರೆದಿಡುತ್ತೇನೆ.

ಟೂಲ್ ರೂಮಿನ ವೆಂಕಟಪ್ಪ ಈ ಪೀಣ್ಯದವನೇ. ಇಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಅವರ ಮನೆ ಇದೆ. ಕಾರ್ಖಾನೆ ಸೇರಿ ಮೂವತ್ತೈದು ವರ್ಷ. ಮಾರುವ ಸುದ್ದಿ ಎಲ್ಲೋ ಸೋರಿದೆ. ಬೆಳಿಗ್ಗೆ ಬಂದು, "ಮೇಡಮ್ನೋರೆ, ಯಜಮಾನ್ರನ್ನ ನೋಡ್ಬೇಕು. ನಾವೊಬ್ರೆ. ಐದು ನಿಮ್ಷ," ಎಂದ.

"ನಾನು ಜೊತೆಗಿರ್ತೀನಿ ವೆಂಕಟಪ್ಪ. ಅವರಿಗೆ ಕಣ್ಣು ಕಾಣಲ್ಲ."

"ಕಣ್ ಕಾಣ್ದಿದ್ರೇನು, ಕಿವಿ ಐತಲ್ಲ. ನನ್ ದನಿ ಗೊತ್ತಾಗಾಕಿಲ್ವಾ? ಮೂವತ್ತೈದ್ ವರ್ಸ ಕೇಳೌರೆ."

"ಇವತ್ತು ಆಯಾಸ ಅವರಿಗೆ."

"ಎಲ್ಡು ವರ್ಸದಿಂದ ಇಂಗೇ ಏಳ್ತಿದೀರ." ಆಮೇಲೆ ನಕ್ಕ. "ನೀವು ಪೂಜಾರಿ ಕಣಮ್ಮ. ದೇವ್ರಂತೂ ಮಾತಾಡಾಕಿಲ್ಲ. ಓಗ್ಲಿ, ನೀವೇ ಏಳ್ಬುಡಿ. ವರ ಕೊಟ್ನಾ, ಇಲ್ವಾ?"

ಹತ್ತೊಂಬತ್ತು ವರ್ಷ ಈ ಕಾರ್ಖಾನೆಗೆ ದುಡಿದಿದ್ದೇನೆ. ಅವನ ಮಗಳ ಕಾಲೇಜಿನ ಅರ್ಜಿ ಬರೆದುಕೊಟ್ಟವಳು ನಾನು. ಯಜಮಾನರನ್ನು ಜನರ ಕುತೂಹಲದಿಂದ ಕಾಪಾಡುತ್ತಿರುವವಳು ನಾನು. ಕೃತಜ್ಞತೆ ಬೇಡ, ನಾಲಿಗೆಯ ಮೇಲೆ ಹಿಡಿತ ಬೇಡವೇ? ಪೂಜಾರಿಯಂತೆ.

ಜುಲೈ 2, ಮಂಗಳವಾರ

ಕವಿತೆ ಓದಲು ಕುಳಿತೆ. ಒಂದು ಸಾಲೂ ಒಳಗೆ ಇಳಿಯಲಿಲ್ಲ. ಪುಸ್ತಕ ಮುಚ್ಚಿದೆ.

ಜುಲೈ 9, ಮಂಗಳವಾರ

ಇವತ್ತಿನ ಅಧ್ಯಾಯದಂಥ ನಾಚಿಕೆಗೇಡಿನ ಬರವಣಿಗೆ ನಾನು ಓದಿಲ್ಲ.

ರಾಜನಿಗೆ ಮುಪ್ಪು. ಯಾರು ಯಾರೆಂದು ತಿಳಿಯುವುದಿಲ್ಲ. ಮಂತ್ರಿಯನ್ನು ಅಡುಗೆಯವನೆಂದು ತಿಳಿದು ಮಾಂಸ ಬೆಂದಿಲ್ಲವೆಂದು ಬೈಯುತ್ತಾನೆ. ಲಾರ್ಡ್ ಆಲ್ಡರ್‌ಕೋಟ್ ಪಕ್ಕದಲ್ಲಿ ನಿಂತು ಹೆಸರು ಪಿಸುಗುಡುತ್ತಾನೆ. ರಾಜ ಅದನ್ನೇ ಹೇಳುತ್ತಾನೆ. ನಾಲ್ಕು ವರ್ಷ ದೇಶಕ್ಕೆ ಗೊತ್ತಾಗಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ರಾಜನ ಸಹಿಯಿಂದ ಏನೇನು ಆಯಿತೋ. ಅದರ ಬಗ್ಗೆ ಅರ್ಧ ಪುಟ. ಉಳಿದ ಇಪ್ಪತ್ತು ಪುಟ ಲಾರ್ಡನ 'ಸೂಕ್ಷ್ಮ ನಾಜೂಕು' ಕುರಿತು. ನಾಜೂಕಂತೆ. ರೇಷ್ಮೆಯ ಕಾಲುಚೀಲ ಹಾಕಿಕೊಂಡು ಸುಳ್ಳು ಹೇಳಿದರೆ ಅದು ನಾಜೂಕಾಗುತ್ತದೆಯೆ? ಒಬ್ಬ ಮುದುಕನ ಬಾಯಲ್ಲಿ ತನ್ನ ಮಾತು ಇಟ್ಟು, ಅದನ್ನು ರಾಜನ ಮಾತೆಂದು ಜಗತ್ತಿಗೆ ಮಾರಿದವನು ಸೇವಕನೇ? ಕಳ್ಳ.

ಇದೇ ಲಾರ್ಡ್ ನಾಟಕಗಳಿಗೂ ಅನುಮತಿ ಕೊಡುತ್ತಿದ್ದನಂತೆ. ಯಾವ ಪಾತ್ರ ಯಾವ ಮಾತು ಆಡಬಾರದೆಂದು ನೀಲಿ ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದ. ಅಭ್ಯಾಸ ಚೆನ್ನಾಗಿಯೇ ಇತ್ತು.

ಕೊಟ್ರಪ್ಪನವರು ಹೊಟ್ಟೆ ಹಿಡಿದು ನಕ್ಕರು, ಮಾಂಸ ಬೆಂದಿಲ್ಲವೆಂದ ಕಡೆ. ಎರಡು ಸಲ ಹೇಳಿಸಿದರು.

ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಮಗಳು ಕಾವ್ಯಳ ಮುಂದೆ ಇದನ್ನೆಲ್ಲ ಕಾರಿಕೊಂಡೆ. ಅವಳು ಫೋನಿನಿಂದ ತಲೆ ಎತ್ತದೆ, "ಅಮ್ಮ, ಸತ್ತು ನೂರು ವರ್ಷ ಆಗಿದೆ ಅವ್ನಿಗೆ. ಕಾರ್ಖಾನೆ ಮಾರೋರ ಮೇಲೂ ನಿಂಗಿಷ್ಟು ಕೋಪ ಇಲ್ಲ," ಎಂದಳು.

"ಅವರ ಮೇಲೂ ಇದೆ."

"ಹೌದಾ? ಹಾಗಾದ್ರೆ ಅವ್ರಿಗೆ ಹೋಗಿ ಹೇಳು. ನನಗ್ಯಾಕೆ ಚಪಾತಿ ಹರಿದು ಕೊಡ್ತೀಯ?"

ಜುಲೈ 17, ಬುಧವಾರ

ಹೇಳಿದೆ. ಅಂದರೆ, ಹೇಳಲು ಹೋದೆ.

ವಿಶ್ವನಾಥ್ ಒಬ್ಬರೇ ಇದ್ದರು. ಇಡೀ ಮಾತನ್ನು ಮೆಟ್ರೋದಲ್ಲಿ ಜೋಡಿಸಿಕೊಂಡು ಬಂದಿದ್ದೆ. "ಸಾರ್, ಯಜಮಾನರ ಕೈಲಿ ಈ ಸಹಿ ಹಾಕಿಸೋದು ತಪ್ಪು. ಅವರಿಗೆ ಅರ್ಥ ಆಗಿಲ್ಲ," ಎಂದೆ.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. "ಮೇಡಂ, ಸ್ವಲ್ಪ ಮರೆವು ಇದೆ, ನಂಗೂ ಗೊತ್ತು. ಎಂಬತ್ಮೂರು. ಆದ್ರೆ ತಲೆ ಷಾರ್ಪು. ಹೋದ ಶುಕ್ರವಾರ ನಾನು ಒಳಗೆ ಬಂದ ತಕ್ಷಣ 'ಮಗಳ ಪರೀಕ್ಷಿ ಏನಾತು?' ಅಂದ್ರು. ನಮ್ಮನೇಲಿ ನಂಗೇ ಮರ್ತೋಗಿತ್ತು. ಅಂಥೋರಿಗೆ ಜಾಗದ ವಿಷಯ ಅರ್ಥ ಆಗಲ್ವಾ? ಬೇಡ ಅಂದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ. ಅಪ್ಪಾಜಿ ಮಾತು ಮೀರಿ ಒಂದು ಕೆಲ್ಸ ಮಾಡಿದೀನಾ ಇವತ್ತಿನವರೆಗೆ?"

ಮಾಡಿಲ್ಲ. ಅದು ನಿಜ.

ಹೋದ ಶುಕ್ರವಾರ ಬಾಗಿಲು ತೆರೆದಾಗ ಎಡಗಡೆ ನಿಂತು, "ಸಾರ್, ವಿಶ್ವನಾಥ್ ಬಂದ್ರು, ಮಗಳ ಪರೀಕ್ಷೆ ಮುಗೀತಂತೆ," ಎಂದವಳು ನಾನು. ಅವರ ಡ್ರೈವರ್ ಹೇಳಿದ್ದ. ಬಾಗಿಲಿಗೂ ಕುರ್ಚಿಗೂ ದೂರವಿದೆ, ನಾನು ಮೆಲ್ಲಗೆ ಹೇಳುತ್ತೇನೆ. ಮಗನಿಗೆ ಅದು ಕೇಳಿಸಿಯೇ ಇಲ್ಲ.

"ಇಲ್ಲ ಸಾರ್, ಮಾಡಿಲ್ಲ," ಎಂದು ಹೊರಗೆ ಬಂದೆ.

ಎಂಥ ಮಗ ಇವನು. ಸ್ವಂತ ಅಪ್ಪನನ್ನು ವಾರಕ್ಕೊಮ್ಮೆ ನೋಡುವವನಿಗೆ ಒಂದು ಸಲವಾದರೂ ಅನುಮಾನ ಬರಬಾರದೇ? ನಂಬುವುದಕ್ಕೂ ಒಂದು ಮಿತಿ ಬೇಡವೇ? ಯಾರೋ ಕಟ್ಟಿ ನಿಲ್ಲಿಸಿದ್ದನ್ನು ಕಣ್ಣು ಮುಚ್ಚಿ ನಂಬಿದರೆ, ತಪ್ಪು ನಂಬಿದವರದ್ದೂ ಹೌದು.

ಜುಲೈ 19, ಶುಕ್ರವಾರ

ಪುಸ್ತಕ ಮುಗಿಯಿತು. ರಾಜ ಸತ್ತ. ಪದ್ಧತಿಯಂತೆ ಲಾರ್ಡ್ ತನ್ನ ಬಿಳಿಯ ಕೋಲನ್ನು ಎರಡು ತುಂಡು ಮಾಡಿ ಸಮಾಧಿಯೊಳಗೆ ಹಾಕಿದ. ನೆರೆದವರು ಕಣ್ಣೀರು ಹಾಕಿದರಂತೆ. ಆಮೇಲೆ ಆತ ಊರಿಗೆ ಹೋಗಿ ಹನ್ನೊಂದು ವರ್ಷ ಗುಲಾಬಿ ಬೆಳೆದ.

ಸತ್ತ ಮೇಲೆ ಮುರಿಯುವುದಕ್ಕೆ ಯಾವ ಧೈರ್ಯ ಬೇಕು? ಯಾರು ತಡೆಯುತ್ತಾರೆ, ಯಾರಿಗೆ ನಷ್ಟ? ರಾಜ ಕುಳಿತಿರುವಾಗ, ಸಭೆ ತುಂಬಿರುವಾಗ ಮುರಿಯಬೇಕಿತ್ತು. ನಾನೂರು ಪುಟ ಈ ಒಂದು ಕೆಲಸಕ್ಕಾಗಿ ಕಾದೆ ಅನ್ನಿಸಿ ಇನ್ನಷ್ಟು ಉರಿಯಿತು.

"ಚಲೋ ಮನಷ್ಯಾ," ಎಂದರು ಕೊಟ್ರಪ್ಪನವರು. ಕಣ್ಣು ಒರೆಸಿಕೊಂಡರು. "ಮತ್ತ ಮೊದಲಿಂದ ಓದವ್ವ."

ಓದಲಿಲ್ಲ. ಗಂಟಲು ನೋಯುತ್ತಿದೆ ಎಂದು ಸುಳ್ಳು ಹೇಳಿದೆ.

ಜುಲೈ 29, ಸೋಮವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಆಮೇಲೆ ಯಾರಾದರೂ ಕೇಳಿದರೆ ತಪ್ಪಿಲ್ಲದೆ ಹೇಳಬೇಕಾಗುತ್ತದೆ.

ಹನ್ನೊಂದು ಗಂಟೆಗೆ ಸಹಿ ಎಂದು ನಿಶ್ಚಯವಾಗಿತ್ತು. ಹತ್ತೂವರೆಗೆ ಕೊಟ್ರಪ್ಪನವರಿಗೆ ಬಿಳಿ ಅಂಗಿ ಹಾಕಿಸಿ ಕೂರಿಸಿದ್ದರು, ಹಣೆಗೆ ವಿಭೂತಿ. ಚೆನ್ನಾಗಿ ಕಾಣುತ್ತಿದ್ದರು. ಕೊಳ್ಳುವವರ ಕಡೆಯಿಂದ ಗೌರಿ ಎಂಬ ವಕೀಲೆ ಬರುವುದಿತ್ತು. ವಿಶ್ವನಾಥ್ ನನಗೆ ಫೋನ್ ಮಾಡಿ, "ಅವ್ರು ಅಪ್ಪಾಜಿ ಜೊತೆ ಎರಡು ಮಾತಾಡ್ತಾರಂತೆ, ಫಾರ್ಮಾಲಿಟಿ. ನೀವು ಪಕ್ಕದಲ್ಲೇ ಇರಿ," ಎಂದರು. ಇರುತ್ತೇನೆ ಎಂದೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡೆ: ಸಾರ್, ವಿಶ್ವನಾಥ್ ಬಂದ್ರು, ಜೊತೆಗೆ ವಕೀಲರು ಗೌರಿ ಅವರು, ಜಾಗದ ಕಾಗದ ತಂದಿದ್ದಾರೆ. ಇಷ್ಟು ಸಾಕು. ಉಳಿದದ್ದನ್ನು ಅವರೇ ನಿಭಾಯಿಸುತ್ತಾರೆ, ಅಭ್ಯಾಸವಾಗಿದೆ.

ಬಾಗಿಲು ತೆರೆಯಿತು. ವಿಶ್ವನಾಥ್ ಮುಂದೆ, ಹಿಂದೆ ವಕೀಲೆ, ಮೂವತ್ತು ಮೂವತ್ತೆರಡರ ಹುಡುಗಿ. ಕೊಟ್ರಪ್ಪನವರು ಎಂದಿನಂತೆ ಕಿವಿಯನ್ನು ಸ್ವಲ್ಪ ನನ್ನ ಕಡೆ ವಾಲಿಸಿದರು.

ನಾನು ಹೇಳಲಿಲ್ಲ.

ಮೊದಲೇ ನಿಶ್ಚಯಿಸಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ವಾಕ್ಯ ಬಾಯಲ್ಲೇ ಇತ್ತು. ಮೇಜಿನ ಗಾಜಿನ ಕೆಳಗೆ ಕಾರ್ಖಾನೆ ಶುರುವಾದ ದಿನದ ಫೋಟೋ ಇದೆ. ಅದರಲ್ಲಿ ಒಬ್ಬೊಬ್ಬರನ್ನೇ ಎಣಿಸುತ್ತ ನಿಂತೆ. ಹನ್ನೆರಡು ಜನ.

ಅವರು ಕಾದರು. ಇನ್ನೂ ಸ್ವಲ್ಪ ವಾಲಿದರು. ಆಮೇಲೆ, ಹೆಸರು ಬರುವುದಿಲ್ಲವೆಂದು ತಿಳಿದಾಗ, ಮೇಜು ಹಿಡಿದು ಎದ್ದು ನಿಂತರು, ಮಗನಿಗೆ ಎರಡೂ ಕೈ ಜೋಡಿಸಿದರು.

"ಶರಣ್ರಿ. ಬರ್ರಿ, ಕುಂದರ್ರಿ. ತಮ್ಮದು ಯಾವೂರಾತ್ರಿ?"

ವಿಶ್ವನಾಥ್ ನಕ್ಕರು. "ಅಪ್ಪಾಜಿ, ಇವತ್ತು ತಮಾಷೆ ಬೇಡ."

ಕೊಟ್ರಪ್ಪನವರೂ ನಕ್ಕರು. ಬಂದವರು ನಕ್ಕಾಗ ನಗಬೇಕೆಂಬ ಮರ್ಯಾದೆ ಅವರಿಗೆ ಇನ್ನೂ ಇದೆ. "ತಮಾಷಿ ಅಲ್ರಿ. ಊರು ಕೇಳಿದ್ರ ತಪ್ಪೇನೈತಿ?"

ವಕೀಲೆ ಕುಳಿತಿರಲಿಲ್ಲ. ಫೈಲನ್ನು ಎದೆಗೆ ಹಿಡಿದುಕೊಂಡೇ, "ಸರ್, ಇವರು ನಿಮಗೆ ಏನಾಗಬೇಕು?" ಎಂದಳು.

ಅವರು ನನ್ನ ಕಡೆ ತಿರುಗಿದರು. "ಅದನ್ನ ಈ ತಾಯಿ ಹೇಳ್ತಾರ."

"ಇಲ್ಲ ಸರ್. ನೀವು ಹೇಳಿ."

ಕೆಳಗೆ ಶೆಡ್ಡಿನಲ್ಲಿ ಗೇರಿನ ಹಲ್ಲು ಕೊರೆಯುವ ಹಾಬಿಂಗ್ ಮೆಷಿನ್ನಿನ ಸದ್ದು ಬರುತ್ತಿತ್ತು. ಕೊಟ್ರಪ್ಪನವರು ಆ ಸದ್ದನ್ನು ಕೇಳಿದರು. ಮುಖ ತಿಳಿಯಾಯಿತು. "ನಮ್ಮ ಕಾರ್ಖಾನಿ ನೋಡಾಕ ಬಂದಾರ. ತೋರಸ್ರಿ, ಎಲ್ಲಾ ತೋರಸ್ರಿ. ಇವ್ರಿಗೆ ಚಾ ಹೇಳ್ರಿ ಮೊದಲ."

ವಕೀಲೆ ಫೈಲು ಬಿಚ್ಚಲಿಲ್ಲ. ವಿಶ್ವನಾಥ್ ಕಡೆ ನೋಡದೆ, "ಸಾರಿ ಸರ್, ಇವತ್ತು ಆಗಲ್ಲ," ಎಂದು ಹೊರಟಳು. ಹೋಗುವಾಗ ನನ್ನನ್ನು ಒಂದು ಕ್ಷಣ ನೋಡಿದಳು.

ವಿಶ್ವನಾಥ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ಎಷ್ಟು ದಿನದಿಂದ?"

"ಎರಡು ವರ್ಷ."

"ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ಅವತ್ತು ಮಗಳ ಪರೀಕ್ಷೆ ಕೇಳಿದ್ದು?"

"ನಾನು ಹೇಳಿಕೊಟ್ಟದ್ದು."

"ಜಾಗ ಕೊಡೋಣ ಅಂದಾಗ 'ನಿಂಗ ತಿಳಿದಂಗ ಮಾಡು' ಅಂದದ್ದು?"

"ಅದು ಅವರದ್ದೇ. ಎಲ್ಲರಿಗೂ ಹಾಗೆ ಹೇಳ್ತಾರೆ ಸಾರ್. ತಿಳಿಯದೆ ಇದ್ದಾಗ."

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಅಮ್ಮ ಹೋದ್ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡ್ತಾ ಇದ್ದದ್ದು ಇವರೊಬ್ರ ಹತ್ರ. ವಾರಾ ವಾರಾ ಬಂದು ಎಲ್ಲ ಹೇಳ್ಕೋತಿದ್ದೆ. ಎರಡು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ ಮೇಡಂ?"

ನನ್ನ ಹತ್ತಿರ ಉತ್ತರಗಳಿದ್ದವು. ನೀವು ವಾರಕ್ಕೊಮ್ಮೆ ಬರುತ್ತಿದ್ದಿರಿ. ನಾನು ಅವರ ಮಾನ ಕಾಪಾಡಿದೆ. ಎಂಬತ್ತಾರು ಜನರ ಅನ್ನ ತೆಗೆಯಲು ಹೊರಟವರು ನೀವು, ನಾನಲ್ಲ. ಎಲ್ಲವೂ ನ್ಯಾಯವಾದ ಉತ್ತರಗಳೇ. ಒಂದೂ ಹೊರಗೆ ಬರಲಿಲ್ಲ.

"ನಾಳೆಯಿಂದ ಬರ್ಬೇಡಿ," ಎಂದರು.

ಜುಲೈ 30, ಮಂಗಳವಾರ

ಹೋಗಲಿಲ್ಲ. ಹತ್ತೂವರೆಗೆ, ಯಾರಾದರೂ ಬರುವ ಹೊತ್ತಿಗೆ, ಅಡುಗೆಮನೆಯಲ್ಲಿ ಎದ್ದು ನಿಂತಿದ್ದೆ. ಯಾಕೆಂದು ತಿಳಿಯಲಿಲ್ಲ.

ಜುಲೈ 31, ಬುಧವಾರ

ವೆಂಕಟಪ್ಪನ ಫೋನು. "ಅಗ್ರಿಮೆಂಟು ನಿಂತೋಯ್ತಂತೆ ಮೇಡಮ್ನೋರೆ. ಆ ಲಾಯರಮ್ಮ ಆಗಾಕಿಲ್ಲ ಅಂದ್ಬುಟ್ರಂತೆ. ಶೆಡ್ಡಲ್ಲಿ ಉಡುಗ್ರು ಸಿಹಿ ಅಂಚ್ತಾವ್ರೆ."

"ಒಳ್ಳೇದಾಯ್ತು ವೆಂಕಟಪ್ಪ. ನಾನೇನೂ ಮಾಡಿಲ್ಲ. ಸುಮ್ಮನೆ ನಿಂತಿದ್ದೆ."

"ಊಂ, ಗೊತ್ತಾಯ್ತು. ಎಲ್ಡು ವರ್ಸದ ಇಂದೇನೇ ಸುಮ್ಕೆ ನಿಂತಿದ್ರೆ ನಮ್ಗೆ ಈಪಾಟಿ ಎದೆ ಒಡ್ಕೊಳೋ ಗ್ರಾಚಾರ ಇರ್ತಿರ್ಲಿಲ್ಲ." ಆಮೇಲೆ, "ಯಜಮಾನ್ರನ್ನ ನಿನ್ನೆ ನೋಡ್ದೆ. ಒಬ್ನೇ ಓದೆ. ನನ್ ಗುರ್ತು ಅತ್ಲಿಲ್ಲ. ಆದ್ರೂ ಅರ್ಧ ಗಂಟೆ ಮಾತಾಡುದ್ರು, ಬರೀ ಗೇರಿನ್ ವಿಚಾರ. ಒಂದು ತಪ್ಪಿಲ್ಲ," ಎಂದ.

ಎಷ್ಟು ಸಲೀಸಾಗಿ ಹೇಳಿದ. ಗುರುತು ಹತ್ತದಿದ್ದರೆ ಏನೋ ಆಗಿಬಿಡುತ್ತದೆ ಎಂದು ಎರಡು ವರ್ಷ ಬಾಗಿಲು ಕಾದೆ. ಏನೂ ಆಗಿಲ್ಲ. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುತ್ತಿಲ್ಲ.

ಆಗಸ್ಟ್ 8, ಗುರುವಾರ

ನಿನ್ನೆ ವಿಶ್ವನಾಥ್ ಫೋನ್ ಮಾಡಿ, "ಡಾಕ್ಟ್ರು ಯಾವಾಗ ಶುರುವಾಯ್ತು ಅಂತ ಕೇಳ್ತಾರೆ. ಅದು ನಿಮಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಬರ್ಲೇಬೇಕು," ಎಂದರು. ಕೇಳಿಕೊಳ್ಳುವ ದನಿಯಲ್ಲ, ಬೈಯುವ ದನಿಯೂ ಅಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಕೊಟ್ರಪ್ಪನವರು ನಮ್ಮಿಬ್ಬರ ನಡುವೆ ಕುಳಿತಿದ್ದರು. ವಿಶ್ವನಾಥ್ ಅವರ ಕಿವಿಯ ಹತ್ತಿರ ಬಾಗಿ, "ಅಪ್ಪಾಜಿ, ನಾನು ವಿಶ್ವ, ನಿಮ್ಮ ಮಗ," ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ. ನನಗಿಂತ ಗಟ್ಟಿಯಾಗಿ, ಯಾರು ಕೇಳಿಸಿಕೊಂಡರೂ ಪರವಾಗಿಲ್ಲ ಎನ್ನುವ ಹಾಗೆ. ಪ್ರತಿ ಸಲವೂ ಅವರು, "ಹೌದಾ? ಚಲೋ ಆತು," ಎನ್ನುತ್ತಿದ್ದರು.

ಕಾರ್ಖಾನೆಯ ಮಾತು ನಾನು ಎತ್ತಲಿಲ್ಲ. ಅವರೇ ಎತ್ತಿದರು. "ಮಾರ್ತೀನೋ ಬಿಡ್ತೀನೋ ಗೊತ್ತಿಲ್ಲ ಮೇಡಂ. ಕೋರ್ಟು, ಗಾರ್ಡಿಯನ್ನು ಅಂತ ಏನೇನೋ ಇದೆಯಂತೆ. ಆದ್ರೆ ಇನ್ಮೇಲೆ ಅಪ್ಪಾಜಿ ಒಪ್ಪಿದಾರೆ ಅಂತ ಹೇಳೋ ಹಾಗಿಲ್ಲ. ಮಾರಿದ್ರೆ ಶೆಡ್ಡಲ್ಲಿ ನಿಂತು, ನಾನು ಮಾರ್ತಾ ಇದೀನಿ ಅಂತ ನಾನೇ ಹೇಳ್ಬೇಕು. ಮೊನ್ನೆ ಹೋಗಿ ನಿಂತೆ. ಬಾಯಿ ಬರ್ಲಿಲ್ಲ."

ಡಾಕ್ಟರು ವಯಸ್ಸಾದವರು, ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. "ಯಾವಾಗಿಂದ?" ಎಂದರು. ವಿಶ್ವನಾಥ್ ನನ್ನ ಕಡೆ ನೋಡಿದರು.

ಹೇಳಿದೆ. ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಗುರುವಾರ. ಬಾಗಿಲಲ್ಲಿ ಸದ್ದಾಯಿತು. ಇವರು ತಲೆ ಎತ್ತಿ, "ಶಿವಲಿಂಗಮ್ಮ ಬಂದ್ಲೇನು? ಕೂಡಸ್ರಿ," ಎಂದರು. ಶಿವಲಿಂಗಮ್ಮ ಇವರ ಹೆಂಡತಿ, ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು. ಹೊರಗೆ ನಿಂತಿದ್ದವರು ಬ್ಯಾಂಕಿನವರು. "ಇಲ್ಲ ಸಾರ್, ಬ್ಯಾಂಕಿನ ಈರೇಶ್ ಅವರು," ಎಂದು ನಾನು ಕಿವಿಯಲ್ಲಿ ಹೇಳಿದೆ. ಅವರು, "ಹಾಂ, ಈರೇಶ್," ಎಂದು ಅದನ್ನು ಸರಿ ಮಾಡಿಕೊಂಡರು. ಅದು ಮೊದಲನೆಯ ಸಲ. ಅಂದು ಮನೆಗೆ ಹೋಗುವಾಗ ನನಗೆ ಹೆಮ್ಮೆಯಾಗಿತ್ತು. ಅದನ್ನೂ ಹೇಳಿದೆ, ಡಾಕ್ಟರು ಕೇಳಿರಲಿಲ್ಲ.

ವಿಶ್ವನಾಥ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಡಾಕ್ಟರು ಪೆನ್ನು ಕೆಳಗಿಟ್ಟು ಕೊಟ್ರಪ್ಪನವರ ಕೈ ಹಿಡಿದುಕೊಂಡರು. ನನ್ನನ್ನು ತೋರಿಸಿ, "ಯಜಮಾನ್ರೇ, ಇವರು ಯಾರು ಗೊತ್ತಾ?" ಎಂದರು.

ಇದು ಗೊತ್ತಿರುತ್ತದೆ ಎಂದೇ ತಿಳಿದಿದ್ದೆ. ಈ ಎರಡು ವರ್ಷಗಳಲ್ಲಿ ನೂರಾರು ಜನರ ಹೆಸರು ಹೇಳಿದ್ದೇನೆ. ಮಂಜುಶ್ರೀ ಎಂದು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ.

ಅವರು ನನ್ನ ಮುಖ ನೋಡಿದರು. ಕಿವಿಯನ್ನು ನನ್ನ ಕಡೆಗೇ ವಾಲಿಸಿದರು, ಯಾರಾದರೂ ಹೇಳುತ್ತಾರೇನೋ ಎಂದು. ಯಾರೂ ಹೇಳಲಿಲ್ಲ. ಆಮೇಲೆ ಅವರಿಗೆ ಏನೋ ಸಿಕ್ಕಿತು, ಮುಖ ಅರಳಿತು.

"ಗೊತ್ತಿಲ್ಲದೇನ್ರಿ? ಇವ್ರು ನಮ್ಮ ಲಾರ್ಡ್ ಸಾಹೇಬ್ರ ಕಡೆಯವ್ರು."

ಡಾಕ್ಟರು, "ಯಾವ ಲಾರ್ಡು?" ಎಂದು ನನ್ನನ್ನು ಕೇಳಿದರು. ಆ ಮನುಷ್ಯನಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅವನನ್ನು ಕಂಡರೆ ನನಗಾಗುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಟ್ರಪ್ಪನವರು ನನಗೆ ಕೈ ಮುಗಿದು, "ಆರಾಮ ಅದಾರೇನ್ರಿ ಸಾಹೇಬ್ರು?" ಎಂದರು.

"ಆರಾಮ ಇದ್ದಾರೆ ಸಾರ್," ಎಂದೆ.